ಹೂ ಮೂಸುವ ದೊರೆ, ಗುರಾಯಿಸುವ ಮಾವ

ಮೊಮ್ಮಗಳು ಬ್ಯಾಂಕಿನಲ್ಲಿ ಕೊಟ್ಟರೆಂದು ಒಂದು ಕ್ಯಾಲೆಂಡರ್ ತಂದು ಅಡುಗೆಮನೆ ಬಾಗಿಲ ಪಕ್ಕದಲ್ಲಿ ನೇತುಹಾಕಿದ್ದಾಳೆ. ನನಗೆ ಕ್ಯಾಲೆಂಡರ್ ಬೇಕಾಗಿರುವುದು ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಳ್ಳುವುದಕ್ಕೆ. ಇದರಲ್ಲಿ ತಾರೀಖು ಸಾಸಿವೆಕಾಳಿನಷ್ಟು, ಮೇಲಿರುವ ರಾಜ ಊಟದ ತಟ್ಟೆಯಷ್ಟು. ತಿಂಗಳಿಗೊಬ್ಬ ರಾಜ. ಹನ್ನೆರಡು ಹಾಳೆಯನ್ನೂ ಮಗುಚಿ ನೋಡಿದೆ. ಹನ್ನೆರಡು ಜನವೂ ಪಕ್ಕಕ್ಕೆ ತಿರುಗಿ ನಿಂತಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದೇ ಕಣ್ಣು, ಅದು ಕಿವಿ ಮುಟ್ಟುವಷ್ಟು ಉದ್ದ. ತಲೆಯ ಹಿಂದೆ ಚಿನ್ನದ ಬಿಲ್ಲೆ. ಕೈಯಲ್ಲೊಂದು ಹೂವು. ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ಜನವರಿಯಿಂದ ಡಿಸೆಂಬರಿನವರೆಗೂ ಮೂಸುತ್ತಲೇ ಇದ್ದಾರೆ. ರಾಜ್ಯ ಆಳುವವರು ಇಷ್ಟು ಹೊತ್ತು ಹೂ ಮೂಸಿಕೊಂಡು ನಿಂತರೆ ಉಳಿದ ಕೆಲಸ ಯಾರು ಮಾಡುತ್ತಿದ್ದರೋ ಕಾಣೆ.

"ಇವೆಲ್ಲ ಅರಮನೆ ಕಾಲದ ಚಿತ್ರ ಅಜ್ಜಿ. ಅಳಿಲಿನ ಬಾಲದ ಕೂದಲಲ್ಲಿ ಬರೆದಿರೋದು. ಒಂದೊಂದು ರೆಪ್ಪೆ ನೋಡು, ಹೆಂಗೈತೆ" ಎಂದಳು.

"ರೆಪ್ಪೆ ನೋಡ್ದೆ ಕಣಮ್ಮಿ. ಮೊಕ ಯಾರ್ದು ಅಂತ ಕೇಳ್ತಿವ್ನಿ."

"ಕೆಳಗೆ ಹೆಸರು ಹಾಕವ್ರಲ್ಲ."

ಅದೇ ನಾನು ಹೇಳುವುದು. ಕೆಳಗಿನ ಹೆಸರನ್ನು ಕತ್ತರಿಸಿ ಎಸೆದರೆ ಹನ್ನೆರಡು ಜನವೂ ಒಬ್ಬನೇ. ಹುಡುಗಿಗೆ ಇದು ಹೊಸದು, ನನಗಲ್ಲ. ಇಂಥ ರಾಜ ಒಬ್ಬ ನಮ್ಮ ಮನೆಗೂ ಬಂದಿದ್ದ. ನಮ್ಮ ಮಾವನ ಹೆಸರು ಇಟ್ಟುಕೊಂಡು ಬಂದಿದ್ದ. ಅವನನ್ನು ಹೊರಗೆ ಹಾಕುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಯಿತು.

ದೊರೆಗಳ ಮುಖದ ಮಾತು ಬಂದರೆ ನನಗೆ ಮೊದಲಿನಿಂದಲೂ ಅದೃಷ್ಟವಿಲ್ಲ. ನಾನು ಹುಟ್ಟಿದ್ದು ಗುಂಡ್ಲುಪೇಟೆಯಲ್ಲಿ. ಬಂಡೀಪುರದ ಕಾಡಿಗೆ ಶಿಕಾರಿಗೆ ಹೋಗುವ ದೊರೆಗಳು ನಮ್ಮೂರ ಮೇಲೆಯೇ ಹೋಗಬೇಕು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಅದೇ ನನ್ನ ಕಡೆಯ ಕ್ಲಾಸು, ಮೇಷ್ಟ್ರು ಒಂದು ದಿನ ನಮ್ಮನ್ನೆಲ್ಲ ಬೆಳಗ್ಗೆಯಿಂದಲೇ ರಸ್ತೆ ಬದಿಯಲ್ಲಿ ಸಾಲಾಗಿ ನಿಲ್ಲಿಸಿದರು. ನಮ್ಮವ್ವ ತಲೆಗೆ ಒಂದು ಬೊಗಸೆ ಹರಳೆಣ್ಣೆ ಸುರಿದು ಕಣ್ಣು ಮೇಲಕ್ಕೆ ಹೋಗುವ ಹಾಗೆ ಜಡೆ ಬಿಗಿದಿದ್ದಳು. ಬಿಸಿಲಿಗೆ ಆ ಎಣ್ಣೆ ಕರಗಿ ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಾರು ಬಂತು. ಬಂದದ್ದೇ ತಡ, ಮೇಷ್ಟ್ರು "ಬಗ್ಗಿ! ಕೈ ಮುಗೀರಿ!" ಎಂದು ಕಿರುಚಿದರು. ಬಗ್ಗಿದೆವು. ಎದ್ದಾಗ ಧೂಳು ಮಾತ್ರ ಇತ್ತು. ಮನೆಗೆ ಬಂದರೆ ಅವ್ವ, "ದೊರೆ ಎಂಗವ್ರೆ?" ಎಂದಳು. "ಟೈರು ಚೆಂದಾಗಿತ್ತು" ಎಂದೆ. ಬೆನ್ನಿಗೆ ಒಂದು ಬಿತ್ತು. ನಿಜ ಹೇಳಿದರೆ ಏಟು ಬೀಳುತ್ತದೆ ಎಂದು ಗೊತ್ತಾದ ಮೇಲೂ ನಾನು ಕಲಿಯಲಿಲ್ಲ.

ಮದುವೆಯಾಗಿ ಹರವೆ ಹತ್ತಿರದ ಹಳ್ಳಿಗೆ ಬಂದೆ. ಇಲ್ಲಿ ದೊರೆ ಮನೆಯೊಳಗೇ ಇದ್ದರು. ನಮ್ಮ ಮಾವ. ಅವರಿಗಿದ್ದದ್ದು ನಾಲ್ಕು ಎಕರೆ ಹೊಲ, ಎರಡು ಜೊತೆ ಎತ್ತು. ಗತ್ತು ಮಾತ್ರ ಸಂಸ್ಥಾನದ್ದು. ಬೀದಿಯ ತುದಿಯಲ್ಲಿ ಅವರು ಒಂದು ಸಲ ಕೆಮ್ಮಿದರೆ ಮನೆಯಲ್ಲಿ ಕೂತಿದ್ದವರು ಏಳುತ್ತಿದ್ದರು, ಮಾತಾಡುತ್ತಿದ್ದವರು ನಿಲ್ಲಿಸುತ್ತಿದ್ದರು, ಅತ್ತೆಮ್ಮ ಸೆರಗನ್ನು ತಲೆಗೆ ಎಳೆದುಕೊಂಡು ನಡುಮನೆ ಬಾಗಿಲ ಹಿಂದೆ ಸರಿಯುತ್ತಿದ್ದರು. ಗಂಡನಿಗೆ ಏನು ಹೇಳಬೇಕಾದರೂ ಆ ಬಾಗಿಲ ಹಿಂದಿನಿಂದಲೇ. ನಾನು ಸೊಸೆ; ನೀರಿನ ಚೊಂಬು ಜಗುಲಿಯ ಮೇಲಿಟ್ಟು ಹಿಂದಕ್ಕೆ ಹೆಜ್ಜೆ ಇಡುವುದಷ್ಟೇ ನನ್ನ ಪಾಲಿಗೆ ಬಂದದ್ದು. ಮಾವ ಹೊಡೆದವರಲ್ಲ, ಬೈದದ್ದೂ ಕಡಿಮೆ. ಕಣ್ಣು ಬಿಟ್ಟು ನೋಡುತ್ತಿದ್ದರು ಅಷ್ಟೆ. ಹಾಗೆ ನೋಡುತ್ತಿದ್ದರು ಎಂದು ನಾನೂ ಕೇಳಿ ಬಲ್ಲೆನೇ ಹೊರತು ತಲೆ ಎತ್ತಿ ಕಂಡವಳಲ್ಲ.

ಒಂದು ಸಲ ನಮ್ಮ ಯಜಮಾನರು ಧೈರ್ಯ ಮಾಡಿ, ನಗರಕ್ಕೆ ಹೋಗಿ ಒಂದು ಫೋಟೋ ತೆಗೆಸೋಣ ಎಂದರಂತೆ. ನಗರ ಎಂದರೆ ನಮಗೆ ಚಾಮರಾಜನಗರ. "ಯಾಕ್ಲಾ, ನಾನೇನು ಕಾಣ್ದಂಗೆ ಓಯ್ತಿನಾ?" ಎಂದರಂತೆ ಮಾವ. ಮುಂದಿನ ಮಳೆಗಾಲದಲ್ಲೇ ಹೋಗಿಬಿಟ್ಟರು. ಉಳುತ್ತಾ ಇದ್ದವರು ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ಅದೇ ಸುಮಾರಿಗೆ ಅರಮನೆಯವರ ದೊರೆತನವೂ ಹೋಗಿತ್ತು. ನಮ್ಮ ಮನೆಯಲ್ಲಿ ಎರಡನ್ನೂ ಒಟ್ಟಿಗೆ ಹೇಳಿಕೊಂಡು ಅಳುವವರಿದ್ದರು. ನನಗೆ ಅಳುವುದಕ್ಕೆ ಬಿಡುವಿರಲಿಲ್ಲ, ಎಮ್ಮೆ ಕರು ಹಾಕಿತ್ತು.

ಮಾವ ಹೋಗಿ ಎರಡು ವರ್ಷವಾಗಿರಬೇಕು. ಆಷಾಢದಲ್ಲಿ ಅತ್ತೆಮ್ಮ ತಮ್ಮ ತಂಗಿಯ ಗಂಡನ ವರ್ಷದ ತಿಥಿಗೆಂದು ಗುಂಡ್ಲುಪೇಟೆಗೆ ಹೋಗಿಬಂದರು. ಅಲ್ಲಿ ಎಡೆಯ ಮುಂದೆ ಸತ್ತವನ ಫೋಟೋ ಇಟ್ಟಿದ್ದರಂತೆ. ಸ್ಟುಡಿಯೋದಲ್ಲಿ ತೆಗೆಸಿದ್ದು, ಹಿಂದೆ ಪರದೆಯ ಮೇಲೆ ಕೊಳ, ಕೊಳದಲ್ಲಿ ಹಂಸ. ಆ ಮನುಷ್ಯ ಜನ್ಮದಲ್ಲಿ ಹಂಸ ಕಂಡವನಲ್ಲ. ಅದು ಬಿಡಿ. ಬಂದ ಎರಡು ದಿನಕ್ಕೆ ನಾನೂ ಅತ್ತೆಮ್ಮನೂ ಹುರುಳಿ ಕೇರುತ್ತಾ ಕೂತಿದ್ದಾಗ ಅವರು ಮೊರ ನಿಲ್ಲಿಸಿ ಕೇಳಿದರು:

"ಅಮ್ಮಿ, ನಿಮ್ಮಾವನ ಮೊಕ ನಿಂಗೆ ಗ್ಯಾನ ಅದಾ?"

"ಯಾಕತ್ತೆಮ್ಮ?"

"ನಂಗೆ ಬರಾಕಿಲ್ಲ ಕಣಮ್ಮಿ. ಪೇಟ ಗ್ಯಾನಕ್ಕ ಬತ್ತದ, ಕೆಮ್ಮು ಬತ್ತದ, ಮುಂದುಗಡೆ ನಡ್ಕಂಡು ಓಗೋ ಬೆನ್ನು ಬತ್ತದ. ಮೊಕದ ತಾವ್ಕ ಬಂದ್ರೆ ಏನೂ ಇಲ್ಲ, ಬರೀ ಮಬ್ಬು."

"ಓಗ್ಲಿ ಬುಡಿ. ಈಗ ಮೊಕ ಕಟ್ಕಂಡು ಏನ್ ಮಾಡೀರಿ?"

"ನಾಳಿಕ ನಾನೂ ಅಲ್ಗೇ ಓಗ್ಬೇಕಲ್ಲ. ಅಲ್ಲಿ ಅಷ್ಟೊಂದು ಜನ ಇರ್ತರ. ಗುರ್ತು ಇಡಿಯದು ಎಂಗ? ಇನ್ಯಾರ್ದೋ ಇಂದುಗಡೆ ಓಗ್ಬುಟ್ರೆ?"

ನನಗೆ ನಗು ಬಂತು. ಅವರು ತಲೆ ಬಗ್ಗಿಸಿ ಹುರುಳಿಯಲ್ಲಿ ಇಲ್ಲದ ಕಲ್ಲು ಆರಿಸುತ್ತಿದ್ದರು. ನಗು ನುಂಗಿಕೊಂಡೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಗಸು ಗಂಡನ ಮುಖ ಗೊತ್ತಿಲ್ಲ ಎಂದು ಊರಲ್ಲಿ ಯಾರ ಹತ್ತಿರ ಹೇಳಿಕೊಳ್ಳಬೇಕು? ಮಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಹೊತ್ತಿಗೆ ಏನಾದರೂ ಮಾಡೋಣ ಎಂದೆ.

ಚಾಮರಾಜನಗರದ ದೊಡ್ಡ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಚಿತ್ರದ ನಂಜಪ್ಪ ಎಂಬುವರಿದ್ದರು. ಅವರ ತಾತ, ಮುತ್ತಾತ ಅರಮನೆಗೆ ಚಿತ್ರ ಬರೆದವರು. ದೊರೆ ಹುಟ್ಟಿದ ಊರಲ್ಲವೇ, ದೊರೆಗಳ ಪಟಕ್ಕೆ ಅಲ್ಲಿ ಗಿರಾಕಿ ಇತ್ತು. ನಾವು ಮೂವರೂ ಬಸ್ಸಿನಲ್ಲಿ ಹೋದೆವು, ಅತ್ತೆಮ್ಮ, ನಮ್ಮ ಯಜಮಾನರು, ನಾನು. ಮನೆಯ ತುಂಬ ಅಂಟಿನ ವಾಸನೆ. ಗೋಡೆ ತುಂಬ ದೊರೆಗಳು, ಎಲ್ಲರೂ ಒಂದೇ ಕಡೆಗೆ ತಿರುಗಿ ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು.

ನಂಜಪ್ಪನವರು ಹುಣಸೆಕಡ್ಡಿ ಸುಟ್ಟ ಇದ್ದಿಲು ಹಿಡಿದು ಕೂತರು. "ಹೇಳಿ, ಮೂಗು ಹೆಂಗಿತ್ತು?"

ನಮ್ಮ ಯಜಮಾನರು ಯೋಚನೆ ಮಾಡಿದರು. "ಮೂಗು... ಇತ್ತು."

"ಕಣ್ಣು?"

"ನನ್ ಮ್ಯಾಲೆ ಕಣ್ ಬುಟ್ಟಾಗ ನಾನು ಕೆಳೀಕೆ ನೋಡ್ತಿದ್ದೆ."

"ಕೆಳಗೆ ಏನು ಕಾಣ್ತಿತ್ತು?"

"ಕಾಲು. ಎಡಗಾಲಿನ ಕಿರುಬೆಟ್ಟು ಪಕ್ಕದ್ದರ ಮ್ಯಾಲೆ ಅತ್ಕಂಡು ಕುಂತಿತ್ತು. ಇಮ್ಮಡಿ ಒಡ್ದಿತ್ತು, ಬಲಗಡೇದು ಜಾಸ್ತಿ." ಇದನ್ನು ಮಾತ್ರ ಒಂದೇ ಉಸಿರಿಗೆ ಹೇಳಿದರು.

ಅತ್ತೆಮ್ಮನನ್ನು ಕೇಳಿದರೆ ಬೆನ್ನು ಹೇಳಿದರು. ನನ್ನನ್ನು ಕೇಳಿದರೆ ಪೇಟದ ಸುತ್ತು ಹೇಳಿದೆ. ನಂಜಪ್ಪನವರು ಇದ್ದಿಲು ಕೆಳಗಿಟ್ಟರು. "ಮೇಲೊಂದು ಪೇಟ, ಕೆಳಗೆರಡು ಕಾಲು, ಹಿಂದೊಂದು ಬೆನ್ನು. ಮುಂದೆ ಏನು ಬರೀಲಿ ತಾಯಿ?"

ನಮಗೂ ನಾಚಿಕೆಯಾಯಿತು. ಅವರೇ ಸಮಾಧಾನ ಹೇಳಿದರು. ಇದೇನೂ ಹೊಸದಲ್ಲವಂತೆ. ಅವರ ತಾತನೂ ದೊರೆಗಳನ್ನು ಕತ್ತೆತ್ತಿ ನೋಡಿದವರಲ್ಲವಂತೆ. ದರ್ಬಾರಿನಲ್ಲಿ ಬಗ್ಗಿದ ತಲೆ ಬಗ್ಗಿದಂತೆಯೇ ಇರಬೇಕು. ಅದಕ್ಕೇ ಮನೆಯಲ್ಲಿ ಹಾಳೆಗಳಿವೆ ಎಂದು ಒಂದು ಹಳೆಯ ಹಾಳೆ ತೆಗೆದು ತೋರಿಸಿದರು. ದೊರೆಯ ಮುಖದ ಗೆರೆಯ ಉದ್ದಕ್ಕೂ ಸೂಜಿಯಲ್ಲಿ ತೂತು ಚುಚ್ಚಿದ್ದಾರೆ. ಅದನ್ನು ಹಲಗೆಯ ಮೇಲಿಟ್ಟು, ಇದ್ದಿಲಪುಡಿ ಕಟ್ಟಿದ ಬಟ್ಟೆಯಿಂದ ತಟ್ಟಿದರೆ ಕೆಳಗೆ ಚುಕ್ಕಿ ಬೀಳುತ್ತದೆ. ಚುಕ್ಕಿ ಸೇರಿಸಿದರೆ ದೊರೆ. ನಾವು ರಂಗೋಲಿ ತಗಡಿನಲ್ಲಿ ಕಮಲ ಒತ್ತುವುದಿಲ್ಲವೇ, ಇವರು ದೊರೆ ಒತ್ತುತ್ತಾರೆ.

"ಅಂಗಾದ್ರೆ ಗ್ವಾಡೆ ಮ್ಯಾಲಿರೋರ ಮೊಕ ಎಲ್ಲ ಸುಳ್ಳಾ?" ಎಂದೆ.

"ಸುಳ್ಳು ಯಾಕಾಯ್ತದೆ ತಾಯಿ? ದೊರೆ ಹೆಂಗಿರಬೇಕೋ ಹಂಗವ್ರೆ."

ನಮ್ಮ ಯಜಮಾನರಿಗೆ ಈ ಮಾತು ಬಹಳ ಹಿಡಿಸಿಬಿಟ್ಟಿತು. ಹಾಗೇ ಬರೆಯಿರಿ ಎಂದುಬಿಟ್ಟರು. ನಾನು ಬಾಯಿ ತೆಗೆದೆ, ಅವರು ಕಣ್ಣು ಬಿಟ್ಟರು. ಅಪ್ಪನಿಂದ ಬಂದಿದ್ದ ಆಸ್ತಿಯಲ್ಲಿ ಅದೊಂದು ಸರಿಯಾಗಿ ಬಂದಿತ್ತು.

ಶ್ರಾವಣ ಮುಗಿಯುವ ಹೊತ್ತಿಗೆ ಪಟ ತಂದರು. ಸುತ್ತಿದ್ದ ಬಟ್ಟೆ ಬಿಚ್ಚಿದೆವು. ಒಬ್ಬ ದೊರೆ ನಿಂತಿದ್ದಾನೆ. ಜರಿಯ ನಿಲುವಂಗಿ, ಕುತ್ತಿಗೆಯಲ್ಲಿ ಐದು ಎಳೆ ಮುತ್ತು, ತಲೆಯ ಹಿಂದೆ ಚಿನ್ನದ ರೇಕಿನ ಬಿಲ್ಲೆ, ತುದಿ ತಿರುವಿದ ಮೀಸೆ, ಪಕ್ಕಕ್ಕೆ ಒಂದೇ ಕಣ್ಣು, ಕೈಯಲ್ಲಿ ಗುಲಾಬಿ. ನಮ್ಮ ಮಾವ ಬದುಕಿದ್ದಷ್ಟು ದಿನ ಬೇಕೆಂದು ಮೂಸಿದ್ದು ಹೊಗೆಸೊಪ್ಪನ್ನು ಮಾತ್ರ, ಅದೂ ಒಳ್ಳೆಯದೋ ಕೆಟ್ಟದ್ದೋ ನೋಡಲು. ಅತ್ತೆಮ್ಮ ಪಟವನ್ನು ನೋಡಿ ಮರ್ಯಾದೆಯಿಂದ ಕೈ ಮುಗಿದರು. ಆಮೇಲೆ ಮೆಲ್ಲಗೆ ನನ್ನ ಕಿವಿಯಲ್ಲಿ, "ಇವ್ರು ಯಾವೂರ ದೊರೆಗೋಳಮ್ಮಿ?" ಎಂದರು.

"ಅಪ್ಪ ಕಣವ್ವ! ರಾಜ್ನಂಗೆ ಬಂದವ್ನೆ ನೋಡು" ಎಂದರು ಯಜಮಾನರು.

ಅತ್ತೆಮ್ಮ ಇನ್ನೊಮ್ಮೆ ನೋಡಿದರು. ತಪ್ಪು ತಮ್ಮದೇ ಎಂಬಂತೆ ತಲೆ ಆಡಿಸಿದರು. "ಇರ್ಬೋದು ಮಗ. ನಾನೆಲ್ಲಿ ನೋಡಿದ್ದು" ಎಂದು ಒಳಗೆ ಹೋದರು. ಅಂದಿನಿಂದ ದಿನಾ ಪಟದ ಮುಂದೆ ಕೂತು ಮಗ್ಗಿ ಉರು ಹೊಡೆಯುವ ಮಕ್ಕಳ ಹಾಗೆ ಆ ಮುಖವನ್ನು ಕಲಿಯತೊಡಗಿದರು. ನನಗೆ ತಡೆಯಲಾಗಲಿಲ್ಲ. ಯಜಮಾನರನ್ನು ಹಿತ್ತಲಿಗೆ ಕರೆದು, "ನೋಡಿ, ನಿಮ್ಮವ್ವ ಇದ್ನೇ ನಂಬ್ಕಂಡು ಅಲ್ಗೋಗಿ ಯಾವನೋ ಮುತ್ತಿನ ಸರದವನ ಇಂದೆ ಒಂಟೋಯ್ತರ. ನಿಮ್ಮಪ್ಪ ಅಲ್ಲಿ ಒಬ್ರೇ ಚೊಂಬು ಇಡ್ಕಂಡು ಕೂತಿರ್ತರ. ಬೇಕಾ?" ಎಂದೆ. "ಬಾಯ್ ಮುಚ್ಚು" ಎಂದರು. ಆದರೆ ಆ ದಿನ ಸರಿಯಾಗಿ ಉಣ್ಣಲಿಲ್ಲ.

ಅಮಾವಾಸ್ಯೆಗೆ ಹತ್ತು ದಿನ ಇರುವಾಗ ಕ್ಷೌರದ ಸಿದ್ದಯ್ಯ ಬಂದ. ಊರಿನ ಗಂಡಸರಿಗೆಲ್ಲ ಅವನದೇ ಕತ್ತಿ. ಯಜಮಾನರನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಸೋಪು ಹಚ್ಚುತ್ತಾ ಒಳಗೆ ಕಣ್ಣು ಹಾಯಿಸಿದ.

"ಅದ್ಯಾರ ಪಟ ಗೌಡ್ರೆ?"

"ಅಪ್ಪಂದು ಕಣೋ."

ಸಿದ್ದಯ್ಯ ಸೋಪು ಹಚ್ಚುವುದನ್ನು ನಿಲ್ಲಿಸಿದ. "ದೊಡ್ಗೌಡ್ರುದಾ? ಬುಡಿ ಬುಡಿ. ಇಪ್ಪತ್ತೈದು ವರ್ಸ ಕೆರ್ದಿವ್ನಿ ನಾನು. ಆ ಗಲ್ಲಕ್ಕ ನನ್ ಕತ್ತಿ ತಾಕೇ ಇಲ್ಲ."

ನಾನು ಕೈಯಲ್ಲಿದ್ದ ಸಗಣಿ ಬುಟ್ಟಿ ಅಲ್ಲೇ ಹಾಕಿದೆ. ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ! ಮನೆಯವರೆಲ್ಲ ತಲೆ ಬಗ್ಗಿಸಿಕೊಂಡಿದ್ದಾಗ, ಹದಿನೈದು ದಿನಕ್ಕೊಮ್ಮೆ ಮಾವನ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಬೇಕಾದ ಕಡೆ ತಿರುಗಿಸಿದವನು ಇವನೊಬ್ಬ. "ಸಿದ್ದಯ್ಯ, ನಾಳೆ ನೀನು ನಮ್ ಸಂಗಡ ನಗರಕ್ಕ ಬರ್ಬೇಕು" ಎಂದೆ. ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಯಜಮಾನರು ಏನೋ ಹೇಳಹೋದರು. ಬಾಯೊಳಗೆ ನೊರೆ ಹೋಯಿತು.

ಮರುದಿನ ಪಟ ಹೊತ್ತುಕೊಂಡು ಮೂವರೂ ಹೋದೆವು. ನಂಜಪ್ಪನವರ ಮನೆಯಲ್ಲಿ ಅಂದು ನಡೆದದ್ದನ್ನು ನೋಡಬೇಕಿತ್ತು. ಸಿದ್ದಯ್ಯನಿಗೆ ಬಾಯಲ್ಲಿ ಹೇಳಲು ಬಾರದು. ಕಣ್ಣು ಮುಚ್ಚಿಕೊಂಡು ಎರಡು ಕೈಯನ್ನೂ ಗಾಳಿಯಲ್ಲಿ ಆಡಿಸಿದ. ಸಾಲದು ಎಂದು ನಂಜಪ್ಪನವರ ಮುಖವನ್ನೇ ಹಿಡಿದುಕೊಂಡ. "ಇಲ್ಲಿ ನಿಮ್ದು ತುಂಬ್ಕಂಡದ ಅಯ್ಯ, ಅವ್ರ್ದು ಒಳೀಕ ಓಗಿತ್ತು. ಈ ಮೂಳೆ ಮ್ಯಾಲಕ. ಗದ್ದದ ಕೆಳಗೆ ಇಲ್ಲಿ ಒಂದು ಸುಳಿ, ಕತ್ತಿ ಎದ್ರುಗಡೆಯಿಂದ ಎಳೀಬೇಕು. ಬಲಗೆನ್ನೇಲಿ ಎತ್ತಿನ ಕೊಂಬು ತಾಕಿದ್ ಗಾಯ, ಅಲ್ಲಿ ಕೂದ್ಲು ಬರಾಕಿಲ್ಲ. ಮೂಗು ಈಕಡಿಕ ವಸಿ ವಾಲಿತ್ತು. ಎಡಗಡೆ ಸಿಡುಬಿನ ಕುಳಿ, ಐದು."

"ಮುಖ ಬಿಡಪ್ಪ, ಉಸಿರು ಕಟ್ತದೆ" ಎಂದರು ನಂಜಪ್ಪನವರು.

"ಕಣ್ಣು?" ಎಂದೆ ನಾನು.

"ಸಣ್ಣವು ಕಣವ್ವ. ಹುಣಸೇಬೀಜ ಇದ್ದಂಗೆ. ಕತ್ತಿ ಕುತ್ಗೆ ತಾವ್ಕ ಬಂದ್ರೆ ಎರಡ್ನೂ ಗಟ್ಟಿಯಾಗಿ ಮುಚ್ಕಬುಡರು. ಉಸ್ರು ಬಿಗಿ ಇಡ್ಕಳರು. ಎದ್ರಿಕೆ ಅವ್ರಿಗೆ."

"ಯಾರ್ಗೆ? ಅಪ್ಪಂಗಾ?" ಯಜಮಾನರು ಎದ್ದು ನಿಂತರು. ಅಷ್ಟು ವರ್ಷ ಮುಚ್ಚಿಟ್ಟಿದ್ದ ಮಾತು ಬಾಯಿ ಜಾರಿತಲ್ಲ ಎಂದು ಸಿದ್ದಯ್ಯ ಕೈ ಒರೆಸಿಕೊಂಡ.

ಮುಂದಿನ ತಕರಾರು ನಂಜಪ್ಪನವರದು. ದೊರೆಯ ಮುಖ ಕೆರೆದು ತೆಗೆಯಬಹುದು, ಆದರೆ ನಿಲುವಂಗಿ, ಮುತ್ತಿನ ಸರದ ಚಿನ್ನದ ಕೆಲಸ ಕೆರೆಯುವುದಿಲ್ಲ. ಎರಡನೆಯದು, ಗೌರವಸ್ಥರ ಮುಖ ಪಕ್ಕಕ್ಕೇ ಇರಬೇಕು, ಒಂದು ಕಣ್ಣು ಬರೆಯುವುದು ಪದ್ಧತಿ.

"ನಮ್ ಮಾವಂಗೆ ಎರಡು ಕಣ್ಣಿತ್ತು. ಎರಡ್ರಲ್ಲೂ ಗುರಾಯಿಸೋರು. ಎದುರುಗಡೆ ಬರೀರಿ" ಎಂದೆ.

"ಎದುರು ಮುಖಕ್ಕೆ ಹಾಳೆ ಇಲ್ಲ ತಾಯಿ. ಹಾಳೆ ಇಲ್ದೆ ನಮ್ಮನೇಲಿ ಮೂರು ತಲೆಮಾರಿಂದ ಯಾರೂ ಮುಖ ಬರೆದಿಲ್ಲ. ನನ್ನ ಕೈ ನಡುಗ್ತದೆ."

"ನಡುಗ್ಲಿ ಬುಡಿ. ನಮ್ ಮಾವನ ಮುಂದೆ ಎಲ್ರೂ ನಡುಗ್ದೋರೇ."

ಬರೆದರು. ಸಿದ್ದಯ್ಯ ಪಕ್ಕದಲ್ಲಿ ಕೂತು, "ವಸಿ ಕೆಳೀಕ, ಅಲ್ಲಲ್ಲ, ಎಡಕ್ಕ" ಎನ್ನುತ್ತಿದ್ದ. ನಾಲ್ಕು ಸಲ ಒರೆಸಿದರು. ಮಧ್ಯಾಹ್ನ ಕಳೆಯಿತು, ಬಸ್ಸು ಹೋಯಿತು, ಇನ್ನೊಂದು ಬಸ್ಸೂ ಹೋಯಿತು. ನನ್ನ ತಲೆ ಸಿಡಿಯುತ್ತಿತ್ತು. ಗುಲಾಬಿ ತೆಗೆಯಿರಿ ಎಂದು ಜಗಳ ಆಡಿದೆ. ಕಡೆಗೆ ನಂಜಪ್ಪನವರು ಹೂವನ್ನು ಒರೆಸಿ, ದಂಟನ್ನು ಒಂದೇ ಗೀರಿನಲ್ಲಿ ಉದ್ದ ಎಳೆದು ಬಾರುಕೋಲು ಮಾಡಿಬಿಟ್ಟರು. ಮಾಡಿದ ಮೇಲೆ ಅವರಿಗೇ ನಗು ಬಂತು. ಬಣ್ಣ ತುಂಬಿ ಒಣಗಿಸಲು ಮತ್ತೆ ಒಂದು ವಾರ ಬೇಕೆಂದರು. ಅಮಾವಾಸ್ಯೆಯ ದಿನ ಬೆಳಗಿನ ಬಸ್ಸಿಗೆ ಯಜಮಾನರು ಹೋಗಿ ತಂದರು.

ಹಬ್ಬದ ಅಡುಗೆ ಆಗಿತ್ತು. ಮಾವನಿಗೆಂದು ಹೊಸ ಪಂಚೆ, ಟವಲು, ಹೊಗೆಸೊಪ್ಪು ಎಲ್ಲ ಹಲಗೆಯ ಮೇಲೆ ಜೋಡಿಸಿ ಪಟ ಇಟ್ಟೆವು. ಎಡೆಯ ಮೊದಲ ಎಲೆ ಇಡಬೇಕಾದವರು ಮನೆಗೆ ಹಿರಿಯರಾದ ಅತ್ತೆಮ್ಮ. ಎಲೆ ಹಿಡಿದುಕೊಂಡು ಒಳಗಿನಿಂದ ಬಂದರು, ತಲೆ ಎತ್ತಿದರು. ಎಲೆ ಕೆಳಗೆ ಬಿತ್ತು. ಸೆರಗನ್ನು ತಲೆಗೆ ಎಳೆದುಕೊಂಡರು. ಯಾರಾದರೂ ಏನಾದರೂ ಹೇಳುವಷ್ಟರಲ್ಲಿ ಸರಸರನೆ ನಡುಮನೆ ಬಾಗಿಲ ಹಿಂದೆ ಸರಿದು ನಿಂತುಬಿಟ್ಟರು.

ಪಟ ಹೋಲುತ್ತದೋ ಇಲ್ಲವೋ ಎಂದು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಸಿದ್ದಯ್ಯ ಜಗುಲಿಯ ಮೇಲಿನಿಂದ ಮೀಸೆ ತಿರುವಿದ. ಆದರೆ ಅತ್ತೆಮ್ಮ ಈಚೆ ಬರಬೇಕಲ್ಲ. ಯಜಮಾನರು ಕರೆದರು, ಬರಲಿಲ್ಲ. ಅಡುಗೆ ಆರುತ್ತಿತ್ತು. ಮಕ್ಕಳು ವಡೆಯ ಮಂಕರಿಯ ಸುತ್ತ ನೊಣದ ಹಾಗೆ ಸುತ್ತುತ್ತಿದ್ದವು. ಮುಖ ಬೇಕು ಎಂದು ಎರಡು ತಿಂಗಳು ಪ್ರಾಣ ತಿಂದವರು ಇವರು. ಎರಡು ಸಲ ನಗರಕ್ಕೆ ಅಲೆದವಳು ನಾನು. ಈಗ ಮುಖ ಬಂದು ಕೂತಿದೆ, ನೋಡುವವರು ಬಾಗಿಲ ಹಿಂದೆ! ನನಗೆ ರೇಗಿಹೋಯಿತು. ಬಾಗಿಲ ಹಿಂದಕ್ಕೆ ನುಗ್ಗಿದೆ.

"ಬನ್ನಿ ಈಚ್ಗೆ."

"ಕ್ವಾಪ್ದಲ್ಲವ್ರೆ ಕಣಮ್ಮಿ" ಎಂದರು ಪಿಸುದನಿಯಲ್ಲಿ.

"ಬಣ್ಣ ಅದು. ಬಣ್ಣಕ್ಕ ಎಂತ ಕ್ವಾಪ? ಎದುರ್ಗೆ ಬಂದು ಸರ್ಯಾಗಿ ನೋಡ್ಕಳಿ. ಇಂಗೆ ಇಲ್ಲಿ ನಿಂತ್ಕಂಡ್ರೆ ಅಲ್ಗೋದ್ರೂ ಇಂಗೇ ಯಾವ್ದಾರ ಬಾಗ್ಲಿಂದೆ ನಿಂತ್ಕತೀರಿ. ಗುರ್ತು ಎಂಗ ಸಿಕ್ಕದು?"

ತೋಳು ಹಿಡಿದು ಎಳೆದುಕೊಂಡು ಬಂದೆ. ಪಟದ ಮುಂದೆ ಹೆಗಲು ಒತ್ತಿ ಕೂರಿಸಿದೆ. ಮೊದಲು ನೆಲ ನೋಡುತ್ತಿದ್ದರು. ಆಮೇಲೆ ಬಾರುಕೋಲು, ಆಮೇಲೆ ಮುತ್ತಿನ ಸರ. ಅಲ್ಲಿಂದ ಮೇಲಕ್ಕೆ ಹೋಗಲು ಬಹಳ ಹೊತ್ತು ಹಿಡಿಯಿತು. ಹೋಯಿತು. ಎದುರು ಬದುರು ನೋಡಿದರು. ಮುಂದಕ್ಕೆ ಬಾಗಿದರು. ಬೆರಳು ನೀಡಿ ವಾಲಿದ ಮೂಗನ್ನು ಮುಟ್ಟಿದರು, ಗಾಯ ಮುಟ್ಟಿದರು, ಸಿಡುಬಿನ ಕುಳಿ ಒಂದೊಂದಾಗಿ ಮುಟ್ಟಿದರು. ಹುಣಸೇಬೀಜದಂಥ ಆ ಎರಡು ಕಣ್ಣನ್ನು ನೋಡುತ್ತಾ ನೋಡುತ್ತಾ ಅವರ ತಲೆಯ ಮೇಲಿನ ಸೆರಗು ತಾನಾಗಿ ಜಾರಿತು. ಎಳೆದುಕೊಳ್ಳಲಿಲ್ಲ.

"ಇಷ್ಟೇನಾ ಅಮ್ಮಿ ಇವ್ರಿದ್ದದ್ದು?" ಎಂದರು. ಗಟ್ಟಿಯಾಗಿಯೇ ಎಂದರು, ಜಗುಲಿಯವರೆಗೂ ಕೇಳಿಸಿತು. "ಇಷ್ಟಕ್ಕಾ ನಾ ಮೂವತ್ತೆಂಟು ವರ್ಸ ಎದ್ರುಕಂಡು ಬಾಳಿದ್ದು?"

ಯಜಮಾನರು ತಮ್ಮ ಕಾಲು ನೋಡಿಕೊಂಡು ನಿಂತರು. ಅತ್ತೆಮ್ಮ ಮಂಡಿ ಹಿಡಿದುಕೊಂಡಿತೆಂದು ಎರಡು ಕಾಲನ್ನೂ ಪಟದ ಮುಂದೆ ನೀಡಿಕೊಂಡು ಕೂತರು, ಬಿದ್ದಿದ್ದ ಎಲೆಯನ್ನು ತೆಗೆದು ಸೆರಗಿನಲ್ಲಿ ಒರೆಸಿ ಹಾಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇಕ್ಕಮ್ಮಿ, ಇಕ್ಕು. ಉಂಡ್ಕಳ್ಲಿ, ಪಾಪ."